350 ರೂಪಾಯಿಯ ಅಲಾರಂ ಗಡಿಯಾರ, ಎರಡು ತಿಂಗಳ ಮೇಲೆ

ಜುಲೈನಲ್ಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ 350 ರೂಪಾಯಿ ಕೊಟ್ಟು ಈ ಗಡಿಯಾರ ತಂದೆ. ತಲೆ ಮೇಲೆ ಎರಡು ಗಂಟೆ, ಮಧ್ಯೆ ಪುಟ್ಟ ಸುತ್ತಿಗೆ, ಹಿಂದೆ ಒಂದು ಸೆಲ್ಲು. ನಮ್ಮಜ್ಜನ ಮನೆಯಲ್ಲಿ ಕೀಲಿ ಕೊಡುವ ಅಲಾರಂ ಇತ್ತು, ಇದು ಅದರ ಮೊಮ್ಮಗ ಅನ್ನಬಹುದು. ತಂದಿದ್ದು ಹತ್ತನೇ ಕ್ಲಾಸಿನ ಮಗಳಿಗೆ.

ರಾತ್ರಿ ಫೋನ್ ಹಾಲ್‌ನಲ್ಲಿಡು ಅಂದಾಗಲೆಲ್ಲ ಅವಳದು ಒಂದೇ ಉತ್ತರ, "ಮತ್ತೆ ಅಲಾರಂಗೆ ಏನ್ಮಾಡ್ಲಿ ಅಪ್ಪ?" ನ್ಯಾಯವಾದ ಪ್ರಶ್ನೆಯೇ, ಅಲ್ವಾ. ಅಲಾರಂ ನೆಪದಲ್ಲಿ ದಿಂಬಿನ ಪಕ್ಕ ಸೇರಿದ ಫೋನು ರಾತ್ರಿ ಹನ್ನೊಂದೂವರೆಯಲ್ಲೂ ರಗ್ಗಿನ ಒಳಗೆ ಮಿಣುಕುತ್ತಿತ್ತು, ಬೆಳಿಗ್ಗೆ ಅದೇ ಫೋನನ್ನು ನಾಲ್ಕು ಸಲ ಸ್ನೂಜ್ ಮಾಡಿ ಮತ್ತೆ ಮಲಗುತ್ತಿದ್ದಳು. ಈಗ 9.30ಕ್ಕೆ ಫೋನು ಫ್ರಿಜ್ ಮೇಲೆ. ನನ್ನದೂ ಅಲ್ಲೇ, ಅದು ಅವಳ ಷರತ್ತು. ಮೊದಲ ವಾರ ಫ್ರಿಜ್ ಹತ್ತಿರ ಸುಮ್ನೆ ಓಡಾಡಿದವನು ನಾನೇ.

ಗಡಿಯಾರದ ಒಳ್ಳೆಯ ಗುಣ ಅಂದರೆ ಇದಕ್ಕೆ ಸ್ನೂಜ್ ಇಲ್ಲ. ಕೋಣೆಯ ಆ ತುದಿಯ ಕಪಾಟಿನ ಮೇಲಿಟ್ಟಿದ್ದೇವೆ, ನಿಲ್ಲಿಸಬೇಕಾದರೆ ಎದ್ದು ಹೋಗಲೇಬೇಕು. ಕೆಟ್ಟ ಗುಣಗಳೂ ಇವೆ. ಟಿಕ್ ಟಿಕ್ ಸದ್ದು ಜಾಸ್ತಿ. ಜುಲೈ ಮಳೆ ಶೀಟಿನ ಮೇಲೆ ಸುರಿಯುವಾಗ ಗೊತ್ತೇ ಆಗಲಿಲ್ಲ, ಮಳೆ ಬಿಟ್ಟ ಮೊದಲ ರಾತ್ರಿ ಮನೆಯಲ್ಲಿ ಯಾರೋ ಅಡಿಕೆ ಕುಟ್ಟುತ್ತಿದ್ದಾರೇನೋ ಅನ್ನಿಸಿತು. ಅಡಿಗೆ ಒಂದು ಉಣ್ಣೆ ಟೊಪ್ಪಿ ಇಟ್ಟ ಮೇಲೆ ಪರವಾಗಿಲ್ಲ. ಅಲಾರಂ ಮುಳ್ಳು ಅಂದಾಜಿನದು, 5.30ಕ್ಕೆ ಇಟ್ಟರೆ 5.20ಕ್ಕೂ ಹೊಡೆದೀತು, 5.40ಕ್ಕೂ ಹೊಡೆದೀತು. ಹೊಡೆದರೆ ಇಡೀ ಮನೆ ಏಳುತ್ತದೆ, ಪಕ್ಕದ ಮನೆ ನಾಯಿ ಸಮೇತ.

ಆದರೆ ಫೋನು ಹೋದರೂ ಮಗಳಿಗೆ ಹನ್ನೊಂದರವರೆಗೆ ನಿದ್ದೆ ಬರುತ್ತಿರಲಿಲ್ಲ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ನಾನು ಹಠ ಅಂದುಕೊಂಡು ಬೈದೆ, ಅದು ನನ್ನ ತಪ್ಪು. ಪ್ರಾಯಕ್ಕೆ ಬರುವ ವಯಸ್ಸಿನಲ್ಲಿ ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಅನ್ನೋ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ, ಒಂದೆರಡು ಗಂಟೆವರೆಗೂ ತಡವಾಗಬಹುದು. ಒಂಬತ್ತು ವರ್ಷದ ತಮ್ಮ ಎಂಟೂವರೆಗೆ ತೂಕಡಿಸುತ್ತಾನೆ, ಅಕ್ಕ ತೂಕಡಿಸಲ್ಲ, ಅಷ್ಟೇ. ಅದರ ಮೇಲೆ ಫೋನಿನ ಬೆಳಕು ಬಿದ್ದರೆ ಇನ್ನೂ ತಡ.

ಇನ್ನೊಂದು ಕಳ್ಳ ಸಿಕ್ಕಿದ್ದು ಅಡುಗೆಮನೆಯಲ್ಲಿ. ಸಂಜೆ ಆರಕ್ಕೆ ಓದೋಕೆ ಕೂರುವ ಮುಂಚೆ ಒಂದು ಲೋಟ ಗಟ್ಟಿ ಫಿಲ್ಟರ್ ಕಾಫಿ. ಕುಡಿದ ಕೆಫೀನಿನಲ್ಲಿ ಅರ್ಧ ಕಡಿಮೆಯಾಗೋಕೆ ಸುಮಾರು ಐದು ಗಂಟೆ ಬೇಕು, ಅಂದರೆ ಹನ್ನೊಂದು ಗಂಟೆಗೂ ಅರ್ಧ ಲೋಟ ಮೈಯಲ್ಲೇ ಇದೆ ಅಂತಾಯಿತು. ಬಾಬಾ ಬುಡನ್ ಕಾಫಿ ಬೀಜ ತಂದು ಬಿತ್ತಿದರು ಅನ್ನುವ ಗಿರಿಯ ಬುಡದಲ್ಲಿ ಕೂತು ಸಂಜೆ ಕಾಫಿ ಬಿಡು ಅನ್ನೋದು ಸುಲಭವಲ್ಲ, ನಮ್ಮಮ್ಮನಂತೂ "ಎಳೇ ಮಗುವಿಗೆ ಅರ್ಧ ಲೋಟ ಕಾಫಿ ಕೊಡದಷ್ಟು ಬಡತನ ಬಂತಾ" ಅಂದರು. ಈಗ ಕಾಫಿ ಬೆಳಿಗ್ಗೆ ಮಾತ್ರ, ಸಂಜೆ ರಾಗಿ ಮಾಲ್ಟು.

ಆಮೇಲೆ ಕೂತು ಲೆಕ್ಕ ಹಾಕಿದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. 11ಕ್ಕೆ ನಿದ್ದೆ, 5.30ಕ್ಕೆ ಅಲಾರಂ, ಸಿಕ್ಕಿದ್ದು ಆರೂವರೆ ಗಂಟೆ. ಎಬ್ಬಿಸೋಕೆ ಗಡಿಯಾರ ಇದೆ, ಮಲಗಿಸೋಕೆ ಯಾವ ಅಂಗಡಿಯಲ್ಲೂ ಏನೂ ಸಿಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಹುತೇಕ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದು ಅಂತ 2022ರಿಂದ ಕಾನೂನೇ ಇದೆ. ನಮ್ಮಲ್ಲಿ ಸ್ಕೂಲಿನ ಗಂಟೆ ಹೊಡೆಯೋದು ಒಂಬತ್ತೂವರೆಗೇ, ಮಕ್ಕಳು ಏಳಬೇಕಾಗಿರೋದು ಆರೂವರೆ ಟ್ಯೂಷನ್ನಿಗೆ, ಅದಕ್ಕೆ ಹಣ ಕಟ್ಟಿ ಕಳಿಸುವವರು ನಾವೇ. ಮೇಷ್ಟರ ಹತ್ತಿರ ಮಾತಾಡಿ ಸಂಜೆ ಬ್ಯಾಚಿಗೆ ಹಾಕಿಸಿದೆ. ಈಗ ಅಲಾರಂ 6.45ಕ್ಕೆ. ಹತ್ತೂಕಾಲಿನ ಹೊತ್ತಿಗೆ ನಿದ್ದೆ ಬರುತ್ತದೆ. ಭಾನುವಾರ ಒಂದು ಗಂಟೆ ಜಾಸ್ತಿ ಮಲಗಬಹುದು, ಹತ್ತರವರೆಗೆ ಬಿದ್ದುಕೊಂಡರೆ ಸೋಮವಾರದ ಕಥೆ ಕೇಳಲೇಬೇಡಿ.

ಹಾಗಾದರೆ ಗಡಿಯಾರ ಚೆನ್ನಾಗಿದೆಯಾ? ಗಡಿಯಾರವಾಗಿ ಐದಕ್ಕೆ ಮೂರು ಕೊಡುತ್ತೇನೆ, ವಾರಕ್ಕೆ ಮೂರು ನಿಮಿಷ ಮುಂದೆ ಓಡುತ್ತದೆ. ಫೋನನ್ನು ಕೋಣೆಯಿಂದ ಆಚೆ ಹಾಕುವ ಸಾಧನವಾಗಿ ಐದಕ್ಕೆ ಐದು. ಕೊಳ್ಳುವುದಾದರೆ ಅಂಗಡಿಯಲ್ಲೇ ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿ, ಎರಡು ಮೂರು ಬದಲಿಸಿ ನೋಡಿ. ಸೆಲ್ಲು ಜೊತೆಗೆ ಕೊಡುವುದಿಲ್ಲ, ಬೇರೆ ತಗೊಳ್ಳಬೇಕು.