ಲೀ ಮಾದರಿ ಕೋಡ್: ಪದರದ ಓಟವನ್ನು ಬಲ್ಲದು, ಒಡಕನ್ನು ಅರಿಯದು

ವಿದ್ಯುತ್ ಹರಿಸಿ ಅನಿಲವನ್ನು ಪ್ಲಾಸ್ಮಾ (ಅಯಾನುಗೊಂಡ ಅನಿಲ) ಆಗಿಸಿ ಒಂದೆಡೆ ಹಿಂಡುವ ಪ್ಲಾಸ್ಮಾ ಫೋಕಸ್ ಯಂತ್ರಗಳಿಗಾಗಿ ಭೌತವಿಜ್ಞಾನಿ ಸಿಂಗ್ ಲೀ ಅವರು ರೂಪಿಸಿ, ಸಹೋದ್ಯೋಗಿಗಳೊಡನೆ ಹಲವು ವರ್ಷ ಬೆಳೆಸಿದ ಈ ಗಣನಾ ಕೋಡ್ ಉಚಿತವಾಗಿ ದೊರೆಯುತ್ತದೆ. ಎಕ್ಸೆಲ್ ಇರುವ ಸಾಮಾನ್ಯ ಕಂಪ್ಯೂಟರ್ ಇದಕ್ಕೆ ಸಾಕು.

ಇದನ್ನು ಒರೆಗೆ ಹಚ್ಚಲು, ಅಭಿವೃದ್ಧಿಶೀಲ ದೇಶಗಳ ಪ್ರಯೋಗಾಲಯಗಳಿಗೆಂದು 1980ರ ದಶಕದಲ್ಲಿ ಮಲೇಷ್ಯಾದಲ್ಲಿ ಸಿದ್ಧವಾದ, ದೆಹಲಿಗೂ ಬಂದ 3 ಕಿಲೋಜೂಲ್‌ನ ಯಂತ್ರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 30 ಮೈಕ್ರೋಫ್ಯಾರಡ್ ಕೆಪಾಸಿಟರ್, 110 ನ್ಯಾನೋಹೆನ್ರಿ ಇಂಡಕ್ಟೆನ್ಸ್, 16 ಸೆಂಟಿಮೀಟರ್ ಉದ್ದದ ಆನೋಡ್ (ನಡುವಿನ ಧನ ವಿದ್ಯುದಗ್ರ), 15 ಕಿಲೋವೋಲ್ಟ್, 3.5 ಟಾರ್ ಒತ್ತಡದ ಡ್ಯುಟೀರಿಯಂ (ಭಾರ ಹೈಡ್ರೋಜನ್) ಎಂದು ತುಂಬಿದರೆ, ವಿದ್ಯುತ್ ಪ್ರವಾಹ ಹೊತ್ತ ಪ್ಲಾಸ್ಮಾ ಪದರವು ಮುಂದಿನ ಅನಿಲವನ್ನು ಬಾಚಿಕೊಳ್ಳುತ್ತ ಸುಮಾರು 3 ಮೈಕ್ರೋಸೆಕೆಂಡಿನಲ್ಲಿ ಆನೋಡಿನ ತುದಿ ಮುಟ್ಟುವುದು, ಅಲ್ಲಿಂದ ಒಳಮುಖವಾಗಿ ಕುಸಿದು ಮಿಲಿಮೀಟರುಗಳಷ್ಟು ಸಣ್ಣ ಕಂಬವಾಗುವುದು ಗ್ರಾಫಿನಲ್ಲಿ ಮೂಡುತ್ತದೆ. ಅಳೆದ ಪ್ರವಾಹದ ರೇಖೆಗೆ ಗಣಿಸಿದ ರೇಖೆಯನ್ನು ಹೊಂದಿಸಲು ನಾಲ್ಕೇ ಗುಣಾಂಕಗಳಿವೆ: ದ್ರವ್ಯರಾಶಿಗೆ ಎರಡು, ಪ್ರವಾಹಕ್ಕೆ ಎರಡು. ಏರಿಕೆಯನ್ನೂ ಶಿಖರವನ್ನೂ ಮೊದಲು ಕೂಡಿಸಿ, ಆಮೇಲೆ ಪದರ ಕುಸಿಯುವಾಗ ಪ್ರವಾಹ ಇಳಿಯುವ ತಗ್ಗಿಗೆ ಕೈ ಹಾಕಬೇಕು.

ಆದರೆ ಈ ಗುಣಾಂಕಗಳು ಎಷ್ಟನ್ನು ನುಂಗಿಕೊಂಡಿವೆ ಎಂಬುದನ್ನು ಬಳಸುವವರು ಮರೆಯಬಾರದು. ಈ ಯಂತ್ರದಲ್ಲಿ ಅಕ್ಷೀಯ (ಆನೋಡಿನ ಉದ್ದಕ್ಕೂ ಸಾಗುವ ಹಂತದ) ದ್ರವ್ಯರಾಶಿ ಗುಣಾಂಕ ಸುಮಾರು 0.08 ಎಂದರೆ, ದಾರಿಯ ಅನಿಲದಲ್ಲಿ ಹೆಚ್ಚಿನ ಪಾಲು ಪದರದ ಜೊತೆಗೆ ಸಾಗುವುದೇ ಇಲ್ಲ. ಕಾಂತೀಯ ಒತ್ತಡ ಆನೋಡಿನ ಬಳಿ ಹೆಚ್ಚು, ಅದನ್ನು ಸುತ್ತುವರಿದ ಕ್ಯಾಥೋಡಿನ ಬಳಿ ಕಡಿಮೆ. ಹಾಗಾಗಿ ಪದರ ಓರೆಯಾಗಿ, ಅನಿಲವನ್ನು ಹೊರಕ್ಕೆ ಜಾರಿಸುತ್ತದೆ. ಕೋಡ್ ಮಾತ್ರ ಅದನ್ನು ಚಪ್ಪಟೆ ತಟ್ಟೆಯೆಂದೇ ಎಣಿಸಿ, ಉಳಿದುದನ್ನೆಲ್ಲ ಒಂದು ಸಂಖ್ಯೆಗೆ ವಹಿಸುತ್ತದೆ. ಸಣ್ಣ ಲ್ಯಾಬಿಗೆ ಇದು ಜಾಣ ಒಪ್ಪಂದವೇ ಸರಿ.

ಸ್ಥಿರತೆಯ ಪ್ರಶ್ನೆಯಲ್ಲಿ ಈ ಒಪ್ಪಂದ ಉಳಿಯುವುದಿಲ್ಲ. ಪಿಂಚ್ ಕಂಬ, ಅಂದರೆ ಕುಸಿದು ಹಿಂಡಿದ ಪ್ಲಾಸ್ಮಾ ಕಂಬ, ಒಂದೆಡೆ ತುಸು ಸಣ್ಣಗಾದರೆ ಅಲ್ಲಿ ಕಾಂತಕ್ಷೇತ್ರ ಬಲಗೊಂಡು ಅದನ್ನು ಇನ್ನಷ್ಟು ಹಿಂಡುತ್ತದೆ. ಕಂಬ ಬಾಗಿದರೆ ಬಾಗಿನ ಒಳಬದಿಯ ಒತ್ತಡ ಹೆಚ್ಚಿ ಬಾಗು ಬೆಳೆಯುತ್ತದೆ. ಉದ್ದಕ್ಕೂ ಒಂದೇ ತ್ರಿಜ್ಯದ ನೆಟ್ಟನೆಯ ಕಂಬವನ್ನು ಕಲ್ಪಿಸುವ ಕೋಡಿಗೆ ಈ ಎರಡೂ ಕಾಣುವುದಿಲ್ಲ. ಇಂಡಕ್ಟೆನ್ಸ್ ಹೆಚ್ಚಿರುವ ಯಂತ್ರಗಳಲ್ಲಿ ಅಳೆದ ತಗ್ಗು ಗಣಿಸಿದ ತಗ್ಗಿಗಿಂತ ಆಳವಾಗಿ ಇಳಿಯುವುದನ್ನು ಕಂಡು, ಕೋಡಿನ ಮೂಲ ಐದು ಹಂತಗಳಿಗೆ ಅಸಹಜ ರೋಧದ (ಪ್ಲಾಸ್ಮಾದ ಅಸ್ಥಿರತೆಯಿಂದ ಏರುವ ವಿದ್ಯುತ್ ರೋಧದ) ಆರನೆಯ ಹಂತವನ್ನು ಮುಂದೆ ಸೇರಿಸಲಾಯಿತು. ರೇಖೆಯೇನೋ ಕೂಡುತ್ತದೆ, ಆದರೆ ಆ ರೋಧವನ್ನು ಹುಟ್ಟಿಸುವ ಅಸ್ಥಿರತೆಯನ್ನು ಕೋಡ್ ಗಣಿಸುವುದಿಲ್ಲ. ರೋಧದ ಅಳತೆಯನ್ನು ನಾವೇ ಉಣಿಸಬೇಕು.

ರೊಗೋವ್ಸ್ಕಿ ಸುರುಳಿಯಿಂದ ಪ್ರವಾಹ ಅಳೆಯುವ ವಿದ್ಯಾರ್ಥಿಗೆ ಇದನ್ನು ಧೈರ್ಯವಾಗಿ ಕೊಡಬಹುದು. ಪದರ ಎಲ್ಲಿ, ಹೇಗೆ ಒಡೆಯುತ್ತದೆಂದು ತಿಳಿಯಬೇಕಾದವರು ಲೇಸರ್ ನೆರಳುಚಿತ್ರಗಳನ್ನೋ ಎರಡು ಆಯಾಮದ ಗಣನೆಯನ್ನೋ ಆಶ್ರಯಿಸಬೇಕು.