ಸಾಂತೊರಿನಿಯ ಕಪ್ಪು ಮರಳು, ನಾಕ್ಸೋಸ್‌ನ ಹೊನ್ನ ಮರಳು: ಕಡಲ ಪಕ್ಕದ ಮೂರು ವಸತಿಗಳ ಹೋಲಿಕೆ

ಗ್ರೀಸ್ ಅಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಒಂದೇ ಚಿತ್ರ. ಬಿಳಿ ಗೋಡೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಅದು ಸಾಂತೊರಿನಿ ದ್ವೀಪದ ಇಯಾ ಊರು. ಆದರೆ ಆ ಊರಿರುವುದು ಕಾಲ್ಡೆರಾ ಮೇಲೆ, ಅಂದರೆ ಜ್ವಾಲಾಮುಖಿ ಕುಸಿದು ಉಳಿದ ಕಡಿದಾದ ಬಂಡೆಯ ಅಂಚಿನಲ್ಲಿ. ಆ ಅಂಚು ಕೆಲವು ಕಡೆ 300 ಮೀಟರ್ ಎತ್ತರ ಇದೆ. ಅಲ್ಲಿ ಕೂತರೆ ಸಮುದ್ರ ಕಾಣುತ್ತದೆ ಅಷ್ಟೇ, ಕಾಲಿಗೆ ಸಿಗುವುದಿಲ್ಲ. ಜೊತೆಗೆ ಎಲ್ಲಿ ಹೋದರೂ ಮೆಟ್ಟಿಲು. ನಮ್ಮ ಜೊತೆ ಅಮ್ಮ ಇದ್ದಳು, ಅವಳಿಗೆ ಮಂಡಿನೋವು. ಹಾಗಾಗಿ ಕಾಲ್ಡೆರಾ ಹೋಟೆಲುಗಳೆಲ್ಲ ಶುರುವಿನಲ್ಲೇ ಪಟ್ಟಿಯಿಂದ ಹೊರಗೆ. ನೀರಿನ ಪಕ್ಕದಲ್ಲೇ ಇರಬೇಕು, ಮೆಟ್ಟಿಲು ಇರಬಾರದು, ಸಸ್ಯಾಹಾರ ಸಿಗಬೇಕು. ಇಷ್ಟು ಇಟ್ಟುಕೊಂಡು ಸೆಪ್ಟೆಂಬರ್‌ನಲ್ಲಿ ಹೊರಟೆವು.

ಉಳಿದುಕೊಂಡದ್ದು ಮೂರು ಕಡೆ. ಸಾಂತೊರಿನಿಯ ಪೆರಿವೋಲೋಸ್ ದಂಡೆಯಲ್ಲಿ ಒಂದು ಬೊಟಿಕ್ ಹೋಟೆಲ್. ನಾಕ್ಸೋಸ್ ದ್ವೀಪದ ಆಯಿಯೋಸ್ ಪ್ರೊಕೋಪಿಯೋಸ್ ದಂಡೆಯಲ್ಲಿ ಇನ್ನೊಂದು ಬೊಟಿಕ್ ಹೋಟೆಲ್. ಕೊನೆಗೆ ಅದೇ ನಾಕ್ಸೋಸ್‌ನ ಪೇಟೆಗೆ ಅಂಟಿಕೊಂಡ ಆಯಿಯೋಸ್ ಯೋರ್ಗಿಯೋಸ್ ದಂಡೆಯ ಹತ್ತಿರ, ಒಂದು ಮನೆಯವರೇ ನಡೆಸುವ ಸ್ಟುಡಿಯೊ. ಸಣ್ಣ ಅಡುಗೆಕಟ್ಟೆ ಇರುವ ರೂಮು ಅನ್ನಿ. ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಜಾಸ್ತಿ ಕೊಟ್ಟ ಕಡೆಯೇ ಕಡಲು ಹತ್ತಿರ ಅನ್ನುವುದು ಸುಳ್ಳು. ಅತಿ ದುಬಾರಿ ಸಾಂತೊರಿನಿಯದು, ಅತಿ ಅಗ್ಗ ಸ್ಟುಡಿಯೊ. ಅಮ್ಮ ದಿನಾ ನೀರಿಗಿಳಿದದ್ದು ಮಾತ್ರ ಸ್ಟುಡಿಯೊ ಇದ್ದ ಕಡೆ.

ಬೊಟಿಕ್ ಅನ್ನುವುದು ಸರ್ಕಾರ ಕೊಡುವ ದರ್ಜೆ ಅಲ್ಲ. ಗ್ರೀಸ್‌ನಲ್ಲಿ ಹೋಟೆಲಿಗೆ 1ರಿಂದ 5ರವರೆಗೆ ಸ್ಟಾರ್ ಕೊಡುತ್ತಾರೆ, ಅದು ಅಧಿಕೃತ. ಬೊಟಿಕ್ ಅಂದರೆ ಹೋಟೆಲಿನವರೇ ಇಟ್ಟುಕೊಳ್ಳುವ ಹೆಸರು. ರೂಮು ಕಡಿಮೆ, ಅಲಂಕಾರ ಚಂದ, ಎರಡನೇ ದಿನಕ್ಕೆ ಎಲ್ಲರೂ ಹೆಸರು ಹಿಡಿದು ಮಾತಾಡಿಸುತ್ತಾರೆ. ಅಷ್ಟರ ಮಟ್ಟಿಗೆ ಎರಡೂ ಹೋಟೆಲುಗಳು ಹೆಸರು ಉಳಿಸಿಕೊಂಡವು.

ಇನ್ನು ಅಸಲಿ ವಿಷಯ, ದಂಡೆ.

ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ತೀರಾ ಕಡಿಮೆ. ನಮ್ಮ ಉಳ್ಳಾಲದಲ್ಲಿ ಮಳೆಗಾಲದ ಕಡಲ್ಕೊರೆತ ಕಂಡವರಿಗೆ ಇದು ನಂಬಲಿಕ್ಕೇ ಕಷ್ಟ. ಬೆಳಿಗ್ಗೆ ನೀರು ಎಲ್ಲಿತ್ತೋ ಸಂಜೆಗೂ ಹೆಚ್ಚುಕಮ್ಮಿ ಅಲ್ಲೇ. ಅದಕ್ಕೇ ಅಲ್ಲಿ ಮರಳಿನ ಅಂಚಿಗೇ ಹೋಟೆಲ್ ಕಟ್ಟಿ ಧೈರ್ಯವಾಗಿ ಕೂರುತ್ತಾರೆ. ಆದರೆ ಬೀಚ್‌ಫ್ರಂಟ್ ಅಂತ ಹಾಕಿಕೊಂಡವರೆಲ್ಲ ಅಷ್ಟು ಹತ್ತಿರ ಇರುವುದಿಲ್ಲ. ಪೆರಿವೋಲೋಸ್‌ನಲ್ಲಿ ನಮ್ಮ ಹೋಟೆಲಿಗೂ ಮರಳಿಗೂ ನಡುವೆ ಡಾಂಬರು ರಸ್ತೆ. ಫೋಟೋದಲ್ಲಿ ಅದು ಕಾಣುವುದಿಲ್ಲ, ಬಾಲ್ಕನಿಯಿಂದ ಮೇಲುಮೇಲೆ ತೆಗೆದಿರುತ್ತಾರೆ. ಬಾಡಿಗೆಗೆ ಸಿಗುವ ನಾಲ್ಕು ಚಕ್ರದ ಬೈಕುಗಳು ಗುರ್ ಅಂತ ರಾತ್ರಿಯವರೆಗೂ ಆ ರಸ್ತೆಯಲ್ಲಿ ಓಡಾಡುತ್ತವೆ. ಕೇಳಿದ್ದಕ್ಕೆ ಮ್ಯಾನೇಜರ್ ನಗುತ್ತಾ, 'ದಂಡೆ ಎದುರಿಗೇ ಇದೆಯಲ್ಲ' ಅಂದರು. ಇದೆ, ಸುಳ್ಳಲ್ಲ.

ಅಲ್ಲಿಯ ಮರಳು ಕಪ್ಪು, ಜ್ವಾಲಾಮುಖಿಯ ಕೊಡುಗೆ. ನೋಡಲಿಕ್ಕೆ ಬೇರೆ ಲೋಕದ ಹಾಗೆ ಇರುತ್ತದೆ, ಒಪ್ಪಿದೆ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಚಪ್ಪಲಿ ಇಲ್ಲದೆ ಕಾಲಿಟ್ಟರೆ ಪಾದ ಸುಡುತ್ತದೆ. ಅದಕ್ಕೇ ಎಲ್ಲರೂ ಮರದ ಹಲಗೆಯ ದಾರಿ ಹಾಸಿದ್ದಾರೆ. ಪಕ್ಕದ ಪೆರಿಸ್ಸ ಕಡೆ ನಡೆದರೆ ಕೆಲವು ಕಡೆ ನೀರಿನಂಚಿನಲ್ಲೇ ಚಪ್ಪಟೆ ಬಂಡೆ, ಪಾಚಿ ಹಿಡಿದು ಜಾರುತ್ತದೆ. ಅಮ್ಮ ಅಲ್ಲಿ ಒಮ್ಮೆ ನನ್ನ ತೋಳು ಹಿಡಿದು ಎರಡು ಹೆಜ್ಜೆ ಇಟ್ಟವಳು, 'ಸಾಕು ಮಾರಾಯ್ತಿ, ನಾನು ದಡದಲ್ಲೇ ಕೂರ್ತೇನೆ' ಅಂದಳು. ಅಲ್ಲಿಗೆ ಸಾಂತೊರಿನಿಯ ಸಮುದ್ರಸ್ನಾನ ಮುಗಿಯಿತು. ನೀರು ಮಾತ್ರ ಬಹಳ ಸ್ವಚ್ಛ, ಈಜು ಬಲ್ಲವರಿಗೆ ಹಬ್ಬ.

ಇನ್ನೊಂದು ವಿಷಯ ಬುಕಿಂಗ್ ಮಾಡುವಾಗ ಯಾರೂ ಹೇಳುವುದಿಲ್ಲ. ಈ ದಂಡೆ ಪೂರ್ವ, ಆಗ್ನೇಯಕ್ಕೆ ಮುಖ ಮಾಡಿದೆ. ಸಾಂತೊರಿನಿಯ ಜಗತ್ಪ್ರಸಿದ್ಧ ಸೂರ್ಯಾಸ್ತ ನಿಮ್ಮ ಬಾಲ್ಕನಿಗೆ ಬರುವುದಿಲ್ಲ. ಅದು ಬೇಕು ಅಂದರೆ ಬಸ್ಸಿನಲ್ಲಿ ದ್ವೀಪದ ಮುಖ್ಯ ಊರು ಫಿರಾಕ್ಕೆ ಹೋಗಿ, ಅಲ್ಲಿ ಇಳಿದು ಇಯಾ ಬಸ್ ಹತ್ತಬೇಕು. ದ್ವೀಪದ ಬಸ್ಸೆಲ್ಲ ಫಿರಾ ಮೂಲಕವೇ. ಅಲ್ಲಿ ತಲುಪಿದ ಮೇಲೆ ಸೂರ್ಯನಿಗಿಂತ ಜಾಸ್ತಿ ಜನರ ಬೆನ್ನು ನೋಡುತ್ತೀರಿ. ನಮ್ಮೆಜಮಾನರು ಒಬ್ಬರೇ ಹೋಗಿ ಬಂದರು. ನಾನು, ಅಮ್ಮ ಬೆಳಗಿನ ಸೂರ್ಯನಲ್ಲೇ ತೃಪ್ತಿಪಟ್ಟೆವು, ಅದೇನು ಕಡಿಮೆ ಚಂದ ಇರಲಿಲ್ಲ.

ನಾಕ್ಸೋಸ್‌ನ ದೊಡ್ಡ ದಂಡೆಗಳು ಇರುವುದು ಪಶ್ಚಿಮಕ್ಕೆ, ನಮ್ಮ ಕರಾವಳಿಯ ಹಾಗೆ. ಆಯಿಯೋಸ್ ಪ್ರೊಕೋಪಿಯೋಸ್‌ನಲ್ಲಿ ರೂಮಿನ ಹೊರಗೆ ಕುರ್ಚಿ ಹಾಕಿ ಕೂತರೆ ಸಾಕು, ಸೂರ್ಯ ಎದುರಿನ ಪಾರೋಸ್ ದ್ವೀಪದ ಕಡೆ ಇಳಿಯುತ್ತಾನೆ. ಟಿಕೆಟ್ ಬೇಡ, ನೂಕುನುಗ್ಗಲು ಇಲ್ಲ. ಮರಳು ದಪ್ಪ ಕಾಳಿನದು, ಹೊನ್ನಿನ ಬಣ್ಣ. ಒದ್ದೆ ಕಾಲಿಗೆ ಅಂಟಿದರೂ ಕೊಡವಿದರೆ ಉದುರಿಹೋಗುತ್ತದೆ. ಹೋಟೆಲಿನ ಹಿಂಬಾಗಿಲು ದಾಟಿದರೆ ಮರಳೇ. ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನ್ನಿಸಿದ್ದು ಇಲ್ಲಿ. ಒಂದೇ ತಕರಾರು: ನೀರು ಬೇಗ ಆಳವಾಗುತ್ತದೆ. ಎಂಟು ಹತ್ತು ಹೆಜ್ಜೆಗೆ ನನಗೇ ಎದೆಮಟ್ಟ. ಅಮ್ಮ ಪಾದ ನೆನೆಸಿಕೊಂಡು ವಾಪಸ್.

ಆಯಿಯೋಸ್ ಯೋರ್ಗಿಯೋಸ್ ದಂಡೆಗೆ ಅಂಥ ರೂಪ ಇಲ್ಲ. ಪಕ್ಕದಲ್ಲೇ ಪೇಟೆ, ಸಾಲು ಹೋಟೆಲು, ಮಕ್ಕಳ ಗಲಾಟೆ. ಆದರೆ ನೀರು ಬಹಳ ದೂರದವರೆಗೂ ಮೊಣಕಾಲು ಮಟ್ಟ, ಹೆಚ್ಚೆಂದರೆ ಸೊಂಟದ ಮಟ್ಟ. ಊರಿನ ಅಜ್ಜಿಯರು ಟೋಪಿ ಹಾಕಿಕೊಂಡು ನೀರಿನಲ್ಲಿ ನಿಂತೇ ಗಂಟೆಗಟ್ಟಲೆ ಹರಟೆ ಹೊಡೆಯುತ್ತಾರೆ. ಅಮ್ಮ ಅವರ ಪಕ್ಕ ಹೋಗಿ, ಚೂಡಿದಾರದಲ್ಲೇ, ನೀರಿನಲ್ಲಿ ಕೂತುಬಿಟ್ಟಳು. ಭಾಷೆ ಬರುವುದಿಲ್ಲ ಅನ್ನುವುದು ಇಬ್ಬರಿಗೂ ಅಡ್ಡ ಬರಲಿಲ್ಲ. ಒಬ್ಬಾಕೆ ತನ್ನ ಮಂಡಿ ತೋರಿಸಿದರು, ಇವಳು ತನ್ನ ಮಂಡಿ ತೋರಿಸಿದಳು.

ಗಾಳಿಯ ಬಗ್ಗೆ ಒಂದು ಮಾತು. ಈ ದ್ವೀಪಗಳಿರುವ ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿಗೆ ಮೆಲ್ತೆಮಿ ಅಂತಾರೆ. ಜುಲೈ, ಆಗಸ್ಟ್‌ನಲ್ಲಿ ಅದರ ಜೋರು ಜಾಸ್ತಿ, ಕೆಲವೊಮ್ಮೆ ಹಡಗೂ ನಿಲ್ಲುತ್ತದೆ. ನಾವು ಹೋದಾಗ ಇಳಿದಿತ್ತು, ಆದರೂ ಒಂದೆರಡು ದಿನ ಛತ್ರಿ ಹಾರಿಸುವಷ್ಟು ಇತ್ತು. ಪೆರಿವೋಲೋಸ್‌ಗೆ ಉತ್ತರದಲ್ಲಿ ಬೆಟ್ಟ ಅಡ್ಡ ಇದೆ. ಆಯಿಯೋಸ್ ಪ್ರೊಕೋಪಿಯೋಸ್‌ಗೂ ಪಕ್ಕದ ಗುಡ್ಡ ಅಷ್ಟಿಷ್ಟು ಮರೆ. ಅಲ್ಲಿಂದ ದಕ್ಷಿಣಕ್ಕೆ ಹೋದ ಹಾಗೆ, ಪ್ಲಾಕಾ ದಾಟಿ ಮಿಕ್ರಿ ವಿಗ್ಲಾ ತಲುಪಿದರೆ ಮರಳು ಮುಖಕ್ಕೇ ಹೊಡೆಯುತ್ತದೆ. ಅಲ್ಲಿ ಗಾಳಿಪಟ ಕಟ್ಟಿಕೊಂಡು ನೀರಿನ ಮೇಲೆ ಹಾರುವವರ ದೊಡ್ಡ ಜಾತ್ರೆ. ಸುಮ್ನೆ ಮಲಗಿ ಪುಸ್ತಕ ಓದುವವರು ಆ ಕಡೆ ರೂಮು ಮಾಡಬೇಡಿ.

ರೂಮುಗಳು. ಸಾಂತೊರಿನಿಯಲ್ಲಿ ಹಾಸಿಗೆಗೆ ಮಂಚ ಇಲ್ಲ, ಗೋಡೆಗೇ ಸೇರಿಸಿ ಕಟ್ಟಿದ ಸಿಮೆಂಟ್ ಕಟ್ಟೆ. ಬಿಳಿ ಬಳಿದು, ಅಂಚೆಲ್ಲ ಗುಂಡಗೆ ಮಾಡಿ, ಫೋಟೋಗೆ ಸೊಗಸು. ರಾತ್ರಿ ಕತ್ತಲಲ್ಲಿ ಎದ್ದರೆ ಮೊಣಕಾಲು ಕೆಳಗಿನ ಎಲುಬಿಗೆ ಅದರ ಅಂಚು ಬಡಿಯುತ್ತದೆ. ಬಾತ್‌ರೂಮಿನ ಬಾಗಿಲು ಅರೆಪಾರದರ್ಶಕ ಗಾಜು. ತಾಯಿಯ ಜೊತೆ ಹೋದವರಿಗೆ ಇದೆಂಥ ಅಲಂಕಾರ ಅಲ್ವಾ? ನಾಕ್ಸೋಸ್ ಹೋಟೆಲಿನಲ್ಲಿ ಮರದ ಮಂಚ, ಗಟ್ಟಿ ಬಾಗಿಲು, ನೆಲಕ್ಕೆ ಅಲ್ಲಿಯದೇ ಅಮೃತಶಿಲೆ. ಆ ದ್ವೀಪದಲ್ಲಿ ಅಮೃತಶಿಲೆಗೆ ಬರ ಇಲ್ಲ. ಬಂದರಿನ ಎದುರು ಕ್ರಿ.ಪೂ. 6ನೇ ಶತಮಾನದ ಅರ್ಧಕ್ಕೇ ನಿಂತ ದೇವಸ್ಥಾನದ ಬಾಗಿಲು, ಪೋರ್ತಾರಾ, ಇವತ್ತಿಗೂ ಒಂಟಿಯಾಗಿ ನಿಂತಿದೆ, ಅದೂ ಅದೇ ಕಲ್ಲು. ಸ್ಟುಡಿಯೊದಲ್ಲಿ ಷವರ್‌ಗೆ ಪರದೆ ಇಲ್ಲ, ನೀರೆಲ್ಲ ಹೊರಗೆ. ದಿಂಬು ಹಲಗೆ. ಬಿಸಿನೀರು ಮಾತ್ರ ಚಾವಣಿಯ ಸೋಲಾರ್‌ನಿಂದ ಯಾವಾಗಲೂ ಬರುತ್ತಿತ್ತು. ಅಂದಹಾಗೆ ಮೂರೂ ಕಡೆ ಟಾಯ್ಲೆಟ್ ಪೇಪರನ್ನು ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಡಬ್ಬಿಗೇ. ಪೈಪುಗಳು ಸಣ್ಣವು. ಎಷ್ಟೇ ದುಬಾರಿ ಹೋಟೆಲಾದರೂ ಇದರಿಂದ ವಿನಾಯಿತಿ ಇಲ್ಲ.

ಊಟದಲ್ಲಿ ಸ್ಪರ್ಧೆ ಬಿಗಿಯಾಗಿತ್ತು. ಸಾಂತೊರಿನಿಯ ಹೋಟೆಲಿನಲ್ಲಿ ತಿಂಡಿ ರೂಮಿಗೇ ತಟ್ಟೆಯಲ್ಲಿ ಬರುತ್ತಿತ್ತು. ಮೊಟ್ಟೆ, ಹ್ಯಾಮು ಬೇಡ ಅಂತ ಹೇಳಿದ ಮೇಲೆ ತಟ್ಟೆ ಅರ್ಧ ಖಾಲಿಯಾಗಿ ಬಂತು, ಬದಲಿಗೆ ಏನೂ ಇಡಲಿಲ್ಲ. ಆದರೆ ಹೊರಗಿನ ತವೆರ್ನಾಗಳು, ಅಂದರೆ ಅಲ್ಲಿಯ ಸಾದಾ ಊಟದ ಹೋಟೆಲುಗಳು, ಅದನ್ನು ಸರಿತೂಗಿಸಿದವು. ಸಾಂತೊರಿನಿಯ ಫಾವಾ ಅನ್ನುವುದು ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿದ್ದು. ಅಮ್ಮನ ತೀರ್ಪು: 'ತೊವ್ವೆಗೆ ಒಗ್ಗರಣೆ ಹಾಕೋದು ಮರೆತಿದ್ದಾರೆ.' ಆದರೂ ಎರಡು ಸಲ ಹಾಕಿಸಿಕೊಂಡಳು. ಅಲ್ಲಿಯ ಪುಟ್ಟ ಟೊಮೇಟೊದ ಕರಿದ ವಡೆಗಳೂ ಚೆನ್ನ.

ನಾಕ್ಸೋಸ್ ಹೋಟೆಲಿನ ತಿಂಡಿಯೇ ಬೇರೆ. ಗಟ್ಟಿ ಮೊಸರು, ಜೇನು, ಅಂಜೂರ, ಪಾಲಕ್ ತುಂಬಿದ ಪದರಪದರ ಪೈ, ದ್ವೀಪದ ಗ್ರವಿಯೆರಾ ಚೀಸ್. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಚೀಸ್ ಬಗ್ಗೆ ಕೇಳಿಕೊಳ್ಳಿ, ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನ್ನೆಟ್ ಹಾಕುವುದು ಅಲ್ಲಿ ಮಾಮೂಲು. ಊಟಕ್ಕೆ ಕೂತಾಗ 'ನಿಸ್ತೀಸಿಮೊ ಏನಿದೆ' ಅಂತ ಕೇಳಿದರೆ ಕೆಲಸ ಸುಲಭ. ಅದು ಅವರ ಚರ್ಚಿನ ಉಪವಾಸದ ಅಡುಗೆ: ಮಾಂಸ, ಮೊಟ್ಟೆ, ಹಾಲು ಇಲ್ಲ. ಆದರೆ ಸಿಗಡಿ, ಆಕ್ಟೋಪಸ್‌ಗೆ ಅವರ ಉಪವಾಸದಲ್ಲಿ ಅಡ್ಡಿ ಇಲ್ಲ, ಅದನ್ನು ಬೇರೆ ಹೇಳಬೇಕು. ಅಕ್ಕಿ ತುಂಬಿದ ಟೊಮೇಟೊ, ದಪ್ಪ ಬಿಳಿ ಅವರೆಯಂಥ ಕಾಳಿನ ಗಿಗಾಂತೆಸ್, ಇವೆರಡು ಇದ್ದರೆ ಹೊಟ್ಟೆ ತುಂಬುತ್ತದೆ.

ಸ್ಟುಡಿಯೊದಲ್ಲಿ ತಿಂಡಿ ಇಲ್ಲ. ಎರಡು ಸುರುಳಿಯ ಕರೆಂಟ್ ಒಲೆ, ಒಂದು ಬಾಣಲೆ, ಒಂದು ಪಾತ್ರೆ. ನಾಕ್ಸೋಸ್‌ನ ಆಲೂಗಡ್ಡೆ ಗ್ರೀಸ್‌ಗೆಲ್ಲ ಹೆಸರುವಾಸಿ. ಅಮ್ಮ ಅಂಗಡಿಯಿಂದ ತಂದು, ಬ್ಯಾಗಿನಿಂದ ಸಾಸಿವೆ, ಇಂಗು, ಒಣಮೆಣಸು ತೆಗೆದು ಪಲ್ಯ ಮಾಡಿದಳು. ಇಂಗಿನ ವಾಸನೆಗೆ ಮನೆಯೊಡತಿ ಗ್ಯಾಸ್ ಸೋರಿದೆ ಅಂತ ಓಡಿ ಬಂದರು! ರುಚಿ ನೋಡಿದ ಮೇಲೆ ಬಾಣಲೆಯ ಪಕ್ಕದಿಂದ ಕದಲಲಿಲ್ಲ. ಸಂಜೆ ಒಂದು ಸಣ್ಣ ತಟ್ಟೆಯಲ್ಲಿ ಸಕ್ಕರೆ ಪಾಕದಲ್ಲಿ ಬೇಯಿಸಿದ ಹಣ್ಣಿನ ಸಿಪ್ಪೆ ತಂದುಕೊಟ್ಟರು. ಅಮ್ಮ ಮೂಸಿ ನೋಡಿ, 'ಇದು ಮಾದಲಕಾಯಿ ಅಲ್ವೇನೆ!' ಅಂದಳು. ಹೌದು, ಅವರು ಕಿತ್ರೊ ಅನ್ನುವುದು ಅದನ್ನೇ. ಅದರ ಎಲೆಯಿಂದ ಅಲ್ಲಿ ಮದ್ಯವನ್ನೂ ತೆಗೆಯುತ್ತಾರೆ, ಹಳ್ಕಿ ಊರಿನಲ್ಲಿ 1896ರಿಂದ ನಡೆಯುತ್ತಿರುವ ಭಟ್ಟಿ ಇದೆ.

ದುಡ್ಡಿನ ಲೆಕ್ಕ ಚುಟುಕಾಗಿ. ಸಾಂತೊರಿನಿಯ ಒಂದು ರಾತ್ರಿಯ ದುಡ್ಡಿನಲ್ಲಿ ನಾಕ್ಸೋಸ್ ಬೊಟಿಕ್‌ನಲ್ಲಿ ಹೆಚ್ಚುಕಮ್ಮಿ ಎರಡು ರಾತ್ರಿ, ಸ್ಟುಡಿಯೊದಲ್ಲಿ ನಾಲ್ಕು. ಇದರ ಮೇಲೆ ಹವಾಮಾನದ ಹೆಸರಿನ ತೆರಿಗೆ ಇದೆ, ಬುಕಿಂಗ್ ಮೊತ್ತದಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ, ಹೋಟೆಲಿನಲ್ಲೇ ಕೊಡಬೇಕು. 2025ರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ರೂಮಿಗೆ ರಾತ್ರಿಗೆ 5 ಸ್ಟಾರ್ ಆದರೆ 15 ಯೂರೊ, 4ಕ್ಕೆ 10, 3ಕ್ಕೆ 5, ಅದಕ್ಕಿಂತ ಕೆಳಗೆ 2. ಎರಡು ರೂಮು ಮಾಡಿದರೆ ಅದೂ ದುಪ್ಪಟ್ಟು.

ದಂಡೆಯಲ್ಲಿ ಮಲಗಲು ಹಾಕುವ ಮಂಚದಂಥ ಕುರ್ಚಿಗಳದ್ದು ಬೇರೆ ಕಥೆ. ಪೆರಿವೋಲೋಸ್‌ನಲ್ಲಿ ಹೋಟೆಲಿನ ಅತಿಥಿಗಳಿಗೂ ಮುಂದಿನ ಸಾಲಿಗೆ ಬಾಡಿಗೆ ಕೇಳಿದರು, ನಾಕ್ಸೋಸ್ ಹೋಟೆಲಿನಲ್ಲಿ ಪುಕ್ಕಟೆ. ಗ್ರೀಸ್‌ನಲ್ಲಿ ದಂಡೆ ಎಲ್ಲರ ಸೊತ್ತು. ಕುರ್ಚಿ ಸಾಲುಗಳು ಎಲ್ಲ ಜಾಗ ನುಂಗುತ್ತಿವೆ ಅಂತ 2023ರಲ್ಲಿ ಪಾರೋಸ್‌ನ ಜನ ಬೀದಿಗಿಳಿದರು, ಮಾರನೇ ವರ್ಷ ಕಾನೂನು ಬಿಗಿಯಾಯಿತು. ನೀರಿನಂಚಿನಿಂದ 4 ಮೀಟರ್ ಖಾಲಿ ಇರಬೇಕು. ಟವೆಲ್ ಹಾಸಿ ಕೂತರೆ ಯಾರೂ ಎಬ್ಬಿಸುವಂತಿಲ್ಲ, ಹೆದರಬೇಡಿ.

ಹೋಗಿ ಬರುವುದರಲ್ಲಿ ನಾಕ್ಸೋಸ್‌ಗೇ ಮಾರ್ಕು. ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಐದು ಗಂಟೆ ಚಿಲ್ಲರೆ, ಸಾಂತೊರಿನಿಗೆ ಇನ್ನೂ ಎರಡು ಮೂರು ಗಂಟೆ ಜಾಸ್ತಿ. ನಾಕ್ಸೋಸ್ ಬಂದರು ಇರುವುದು ಪೇಟೆಯಲ್ಲೇ, ಸ್ಟುಡಿಯೊಗೆ ನಡೆದೇ ಹೋಗಬಹುದು. ಸಾಂತೊರಿನಿಯ ಅಥಿನಿಯೋಸ್ ಬಂದರು ಬಂಡೆಯ ಬುಡದಲ್ಲಿ. ಹಡಗು ಬಂದಾಗ ಬಸ್ಸು, ಟ್ಯಾಕ್ಸಿ, ಲಾರಿ ಎಲ್ಲ ಒಂದೇ ತಿರುವುಮುರುವು ರಸ್ತೆಯಲ್ಲಿ. ಹೋಟೆಲಿನವರಿಗೆ ಹೇಳಿ ಗಾಡಿ ಮಾಡಿಸಿಕೊಳ್ಳುವುದು ವಾಸಿ.

ಹೊಸದಾಗಿ ಮದುವೆಯಾದವರು ಸಾಂತೊರಿನಿಗೆ ಹೋಗಲಿ, ಆದರೆ ದಂಡೆಗಲ್ಲ, ಕಾಲ್ಡೆರಾ ಮೇಲೆ. ದುಡ್ಡು ಸುರಿಯುವುದೇ ಆದರೆ ಆ ನೋಟಕ್ಕೇ ಸುರಿಯಲಿ. ಗಂಡ ಹೆಂಡತಿ ಇಬ್ಬರೇ, ಕಡಲೇ ಮುಖ್ಯ ಅನ್ನುವವರಿಗೆ ಆಯಿಯೋಸ್ ಪ್ರೊಕೋಪಿಯೋಸ್. ಅಪ್ಪ ಅಮ್ಮ, ಮಕ್ಕಳು ಜೊತೆಗಿದ್ದರೆ ಆಯಿಯೋಸ್ ಯೋರ್ಗಿಯೋಸ್, ದಿಂಬು ಬೇಕಾದರೆ ಇನ್ನೊಂದು ಕೇಳಿ. ಎಲ್ಲೇ ಆಗಲಿ, ಬುಕ್ ಮಾಡುವ ಮೊದಲು ಹೋಟೆಲಿಗೆ ಬರೆದು ಎರಡು ಪ್ರಶ್ನೆ ಕೇಳಿ: ನಿಮಗೂ ಮರಳಿಗೂ ನಡುವೆ ರಸ್ತೆ ಇದೆಯಾ, ನೀರು ಎಷ್ಟು ದೂರದವರೆಗೆ ಆಳ ಇಲ್ಲ. ಈ ಸಣ್ಣ ಹೋಟೆಲುಗಳಲ್ಲಿ ಹೆಚ್ಚಿನವು ಅಕ್ಟೋಬರ್ ಕೊನೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಏಪ್ರಿಲ್ ಹೊತ್ತಿಗೆ. ಮೇ ತಿಂಗಳಲ್ಲಿ ನೀರು ನಮ್ಮವರಿಗೆ ತೀರಾ ತಣ್ಣಗೆ. ಸೆಪ್ಟೆಂಬರ್‌ನಲ್ಲಾದರೆ ಬೇಸಿಗೆಯಿಡೀ ಕಾದ ನೀರು, ಜನ ಕಡಿಮೆ, ಬಾಡಿಗೆಯೂ ಆಗಸ್ಟ್‌ಗಿಂತ ಇಳಿದಿರುತ್ತದೆ.