ಚಂಡೆಗೊಂದು, ತಂಬೂರಿಗೊಂದು: ಮೂರು ಇಯರ್‌ಫೋನ್‌ಗಳ ದೀರ್ಘಕಾಲದ ಬಳಕೆ

ಶಿರಸಿಯ ನಮ್ಮ ಮನೆಯಲ್ಲಿ ಈಗ ಮೂರು ಬಗೆಯ ಇಯರ್‌ಫೋನ್‌ಗಳಿವೆ: 3.5 ಮಿ.ಮೀ. ಪಿನ್ನಿನ ತಂತಿಯದ್ದು, ಕುತ್ತಿಗೆಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡ್ ಮತ್ತು ಡಬ್ಬಿಯಲ್ಲಿ ಚಾರ್ಜ್ ಆಗುವ ಇಯರ್‌ಬಡ್ಸ್. ಮಳೆಗಾಲದಲ್ಲೂ ಅಡಿಕೆ ಸುಲಿಯುವ ರಾತ್ರಿಗಳಲ್ಲೂ ಇವನ್ನು ಬಳಸಿದ ಮೇಲೆ, ಧ್ವನಿಯನ್ನು ಬೆಲೆಗಿಂತ ಹೆಚ್ಚಾಗಿ ನಿರ್ಧರಿಸುವುದು ಕಿವಿಯೊಳಗೆ ಕೂರುವ ಸಿಲಿಕೋನ್ ಟಿಪ್ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ಟಿಪ್ ಬಿಗಿಯಾಗಿ ಕೂರದೆ ಸಂದಿ ಉಳಿದರೆ ಮೊದಲು ಸೋರಿಹೋಗುವುದು ಬೇಸ್, ಅಂದರೆ ತಗ್ಗು ಸದ್ದು. ನನ್ನ ಬಲಗಿವಿಗೆ ಮಧ್ಯಮ ಅಳತೆಯದ್ದು, ಎಡಗಿವಿಗೆ ಸಣ್ಣದು ಸರಿಹೊಂದುತ್ತದೆ. ಹಾಗೆ ಬದಲಿಸಿದ ಮೇಲಷ್ಟೇ ತಬಲಾ ಜೋಡಿಯ ತಗ್ಗು ದನಿಯ ಡಗ್ಗಾ ಎರಡೂ ಕಿವಿಗಳಲ್ಲಿ ಸಮನಾಗಿ ಕೇಳತೊಡಗಿತು.

ಇಯರ್‌ಫೋನಿಗೆ ನಿಜವಾದ ಪರೀಕ್ಷೆಯೆಂದರೆ ಯಕ್ಷಗಾನ. ಬೇಸ್ ಉಬ್ಬಿಸಿದ ನೆಕ್‌ಬ್ಯಾಂಡಿನಲ್ಲಿ ಮದ್ದಳೆ ದಪ್ಪವಾಗಿ ಹರಡಿಕೊಂಡು ಭಾಗವತರ ಸಾಹಿತ್ಯವನ್ನೇ ಮುಚ್ಚುತ್ತದೆ. ತಂತಿಯದ್ದರಲ್ಲಿ ಚಂಡೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ, ಪದ್ಯದ ಅಕ್ಷರಗಳೂ ಸ್ಪಷ್ಟ. ಆದರೆ ತಾಳದ ಕಂಚಿನ ಸದ್ದು ಸ್ವಲ್ಪ ಹೊತ್ತಿನಲ್ಲೇ ಕಿವಿಯನ್ನು ದಣಿಸುತ್ತದೆ. 1990ರಲ್ಲಿ ತೀರಿಕೊಂಡ ಯಕ್ಷಗಾನ ಭಾಗವತ ಕಾಳಿಂಗ ನಾವಡರ ಹಾಡಿಕೆ ನಮಗೆ ಸಿಗುವುದು ಹೆಚ್ಚಾಗಿ ಕ್ಯಾಸೆಟ್‌ನಿಂದ ಇಳಿಸಿಕೊಂಡ ರೂಪದಲ್ಲಿ, ಅದರಲ್ಲಿ ಟೇಪಿನ ಸುಯ್‌ ಸದ್ದೂ ಇದೇ ಇಯರ್‌ಫೋನಿನಲ್ಲಿ ಎದ್ದು ಕಾಣುತ್ತದೆ. ಫೋನಿನಲ್ಲಿ ಸದ್ದಿನ ಹದ ಬದಲಿಸುವ ಈಕ್ವಲೈಸರಿನಲ್ಲಿ ಟ್ರೆಬಲ್ (ಏರು ಸದ್ದು) ತುಸು ಇಳಿಸಿಕೊಂಡರೆ ಸಾಕು.

ಹಿಂದೂಸ್ತಾನಿಯ ನಿಧಾನ ಲಯದ ವಿಲಂಬಿತಕ್ಕೆ ನನ್ನ ಆಯ್ಕೆ ಇಯರ್‌ಬಡ್ಸ್. ಗಾಯಕರು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲೂ ತಂಬೂರಿಯ ಝೇಂಕಾರ ಹಿಂದೆ ಉಳಿದೇ ಇರುತ್ತದೆ. ಇದರ ಶಬ್ದನಿರೋಧಕ ವ್ಯವಸ್ಥೆ ಒಂದೇ ಸಮನಾದ ತಗ್ಗು ಸದ್ದಿನ ಮೇಲೆ ಚೆನ್ನಾಗಿ ಕೆಲಸ ಮಾಡುವುದರಿಂದ, ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಬಸ್ಸಿನ ಎಂಜಿನ್ ಗೊರಗೊರ ಬಹುಪಾಲು ಅಡಗುತ್ತದೆ. ತಿರುವಿನ ಹಾರ್ನ್ ಮತ್ತು ಕಂಡಕ್ಟರರ ಸೀಟಿ ಮಾತ್ರ ತಪ್ಪುವುದಿಲ್ಲ. ಸಿನಿಮಾ ಹಾಡುಗಳಿಗೆ ಮೂರೂ ಆದೀತು, ನೆಕ್‌ಬ್ಯಾಂಡಿನ ಬೇಸ್ ಅಲ್ಲಿ ಹಿತವೇ.

ಹಿತದ ವಿಷಯಕ್ಕೆ ಬಂದರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಾಗ ತಂತಿ ಅಂಗಿಗೆ ಉಜ್ಜಿದ ಸದ್ದು ನೇರ ಕಿವಿಗೇ ಬರುತ್ತದೆ. ತಂತಿಯನ್ನು ಕಿವಿಯ ಮೇಲಿಂದ ಹಾಯಿಸಿ ಹಾಕಿಕೊಂಡರೆ ಅದು ಸಾಕಷ್ಟು ತಗ್ಗುತ್ತದೆ. ಕವಳ (ಎಲೆಅಡಿಕೆ) ಹಾಕುವವರಿಗೆ ಒಂದು ಮಾತು: ದವಡೆ ಆಡಿದಂತೆ ಕಿವಿನಾಳದ ಆಕಾರವೂ ಬದಲಾಗುವುದರಿಂದ ಇಯರ್‌ಬಡ್ಸ್ ಸಡಿಲಗೊಳ್ಳುತ್ತವೆ, ಅಗಿಯುವ ಸದ್ದೂ ತಲೆಯೊಳಗೇ ಮೊಳಗಿ ರಾಗವನ್ನು ನುಂಗುತ್ತದೆ.

ಫೋಮ್ ಟಿಪ್‌ಗಳು ಎಲ್ಲಕ್ಕಿಂತ ಮೆತ್ತಗೆ, ಹೊರಗಿನ ಸದ್ದನ್ನೂ ಚೆನ್ನಾಗಿ ತಡೆಯುತ್ತವೆ. ಆದರೆ ನಮ್ಮ ಆಷಾಢದ ತೇವದಲ್ಲಿ ಅವು ಒಣಗುವುದೇ ಇಲ್ಲ, ಬೇಗ ಪುಡಿಯಾಗುತ್ತವೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆದು ಒರೆಸಬಹುದಾದ ಸಿಲಿಕೋನನ್ನೇ ಹಾಕುತ್ತೇನೆ. ಡಬ್ಬದ ಮೇಲಿನ ಐಪಿಎಕ್ಸ್4 ಎಂಬ ನೀರುನಿರೋಧಕ ಗುರುತು ಸಿಡಿಯುವ ನೀರಿಗೆ ಮಾತ್ರ ಅನ್ವಯಿಸುತ್ತದೆ, ಕೊಡೆಯಿಲ್ಲದೆ ಇಲ್ಲಿನ ಮಳೆಯಲ್ಲಿ ನಡೆಯಲು ಅದು ಸಾಲದು.